ಆರಿದ್ರಾ, ಎರಡನೇ ಪಾದ

ಹವ್ಯಾಸಿ ಖಗೋಳ ಸಂಘದವರು ಬೆಂಗಳೂರಿನ ಯಾವ ಬಡಾವಣೆಯ ಮೈದಾನದಲ್ಲಿ ದೂರದರ್ಶಕ ನಿಲ್ಲಿಸಲಿ, ಸಾಲಿನಲ್ಲಿ ಈ ರಾಯರು ಇದ್ದೇ ಇರುತ್ತಾರೆ. ನಿವೃತ್ತ ಬ್ಯಾಂಕ್ ಅಧಿಕಾರಿ, ಕತ್ತಿಗೆ ಮಫ್ಲರ್, ಕಂಕುಳಲ್ಲಿ ಒಂಟಿಕೊಪ್ಪಲ್ ಪಂಚಾಂಗ. ಗುರುವಿನ ಚಂದ್ರರು, ನೀಹಾರಿಕೆ ಇವೆಲ್ಲ ಅವರಿಗೆ ಬೇಕಿಲ್ಲ. ಇಷ್ಟು ವರ್ಷ ಅರ್ಚನೆಗೆ ಕೊಡುತ್ತ ಬಂದ ಸ್ವಂತ ನಕ್ಷತ್ರವನ್ನು ಒಮ್ಮೆ ಮುಖತಃ ನೋಡಬೇಕು.

"ಆರಿದ್ರಾ, ಎರಡನೇ ಪಾದ," ಎನ್ನುತ್ತಾರೆ, ಅಕೌಂಟ್ ನಂಬರ್ ಹೇಳುವ ಧಾಟಿಯಲ್ಲಿ.

ಸಂಘದ ಹುಡುಗ ಹಸಿರು ಲೇಸರ್ ಬಿಡುತ್ತಾನೆ. "ಆ ಕೆಂಪು ಚುಕ್ಕೆ ಸಾರ್. ಬೆಟೆಲ್‌ಗ್ಯೂಸ್."

"ಪಾದ?"

ಹುಡುಗ ತಡವರಿಸಿ ಲೇಸರ್ ಕೆಳಗಿಳಿಸುತ್ತಾನೆ. "ಅದು ರೈಜೆಲ್. ಮಹಾವ್ಯಾಧನ ಪಾದ."

"ಅವನದ್ದು ಯಾರಿಗೆ ಬೇಕಪ್ಪ?"

ರಾಯರು ಚಪ್ಪಲಿ ಬಿಟ್ಟು ಮುಂದೆ ಬರುತ್ತಾರೆ. ಎರಡೂ ಕೈಯಲ್ಲಿ ದೂರದರ್ಶಕದ ಕೊಳವೆ ಹಿಡಿಯುತ್ತಾರೆ, ಆರಿದ್ರಾ ಮಾಯ. "ಮುಟ್ಟಬೇಡಿ ಸಾರ್, ಕಣ್ಣಷ್ಟೇ ಇಡಿ!" ಮತ್ತೆ ಹೊಂದಿಸಿದ ಮೇಲೂ ಕಂಡದ್ದು ಒಂದು ಚುಕ್ಕಿ. ಮುಖ ಸಪ್ಪಗಾಗುತ್ತದೆ. ಇದನ್ನು ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯನ್ನೂ ನುಂಗಿಬಿಡುತ್ತದೆ ಎಂದು ಹುಡುಗ ಹೇಳಿದ ಮೇಲೆ ತುಸು ಎದೆಯುಬ್ಬುತ್ತದೆ.

"2019ರ ಕೊನೆಗೆ ಇದು ಮಂಕಾಗಿತ್ತಂತಲ್ಲ? ಆಗಲೇ ನಮ್ಮ ಮಗನಿಗೆ ಪ್ರಮೋಷನ್ ತಪ್ಪಿದ್ದು."

"ಅದು ನಕ್ಷತ್ರವೇ ಉಗುಳಿದ ಧೂಳು ಅಡ್ಡ ಬಂದದ್ದು ಸಾರ್. ಅದೂ ಈಗಿನ ಸಂಗತಿಯಲ್ಲ. ಬೆಳಕು ಅಲ್ಲಿಂದ ಹೊರಟಿದ್ದು ಹೆಚ್ಚುಕಡಿಮೆ ವಿಜಯನಗರದ ಕಾಲದಲ್ಲಿ."

ರಾಯರು ಲೆಕ್ಕ ಹಾಕುತ್ತಾರೆ. "ಹಾಗಾದರೆ ಹಂಪಿ ಹಾಳಾಗೋಕೆ ಮೊದಲೇ ಆ ಫೈಲು ರಿಜೆಕ್ಟ್ ಆಗಿತ್ತು ಅನ್ನಿ."

ಸಾಲಿನವರು ನಗುತ್ತಾರೆ. ಆದರೆ ಅಶ್ವಿನಿಯಿಂದ ರೇವತಿಯವರೆಗೆ ಇಪ್ಪತ್ತೇಳನ್ನೂ ಒಂದೇ ಉಸಿರಿಗೆ ಹೇಳುವವರು ಆ ಮೈದಾನದಲ್ಲಿ ಇವರೊಬ್ಬರೇ. ನಗುವವರಲ್ಲಿ ಅರ್ಧ ಜನ ಮೃಗಶಿರಾಕ್ಕೆ ಬರುವಷ್ಟರಲ್ಲಿ ಫೋನ್ ತೆಗೆಯುತ್ತಾರೆ. ಆರಿದ್ರಾ ಮಳೆ ಬೀಳುವ ಜೂನಿನಲ್ಲಿ ಆರಿದ್ರಾ ಕಾಣದೆ ಡಿಸೆಂಬರಿನಲ್ಲಿ ಕಾಣುವುದೇಕೆ ಎಂದು ಕೇಳಿದವರೂ ಇವರೇ. ಆ ಮಳೆಗೆ ಹೆಸರು ಬಂದದ್ದೇ ಸೂರ್ಯ ಆಗ ಆರಿದ್ರೆಯಲ್ಲಿ ಇರುತ್ತಾನೆಂದು. ಅವನ ಬೆಳಕಿನಲ್ಲಿ ಅದು ಕಾಣುವುದೆಲ್ಲಿ? ಈ ಉತ್ತರ ಕೇಳಿ ರಾಯರು ಪಂಚಾಂಗವನ್ನೇ ಹೊಸದಾಗಿ ನೋಡುತ್ತಾರೆ. ನನ್ನ ಮಟ್ಟಿಗೆ ಅಂದಿನ ಒಳ್ಳೆಯ ಪ್ರಶ್ನೆ ಅದೊಂದೇ.

ಶನಿಯನ್ನು ಮಾತ್ರ ಅವರು ನೋಡುವುದಿಲ್ಲ. "ನಾವು ಅವನನ್ನು ನೋಡಬಹುದು, ಅವನು ನಮ್ಮನ್ನು ನೋಡಿಬಿಟ್ಟರೆ?"

ಅಷ್ಟರಲ್ಲಿ ಹಿಂದಿನಿಂದ ಅವರ ಮನೆಯವರು: "ನಂದು ಮೂಲಾ. ತೋರಿಸ್ತೀಯೇನಪ್ಪ?"

"ಈಗ ಸೂರ್ಯ ಅಲ್ಲೇ ಇದಾನಮ್ಮ. ಮೇ ಕೊನೆಗೆ, ರಾತ್ರಿ ಹತ್ತರ ಮೇಲೆ ಬನ್ನಿ."

"ಬರ್ತೀನಿ. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಲ್ಲ ಅಂತ ಇವರ ಮನೇಲಿ ಎರಡು ವರ್ಷ ಎಳೆದಾಡಿದ್ರು. ನಮ್ಮ ಮಾವ ತೊಂಬತ್ತೆರಡು ವರ್ಷ ಇದ್ದು, ಮೂರು ಹೊತ್ತೂ ನನ್ನ ಕೈಯಲ್ಲೇ ಕಾಫಿ ಮಾಡಿಸ್ಕೊಂಡು ಕುಡಿದ್ರು."

ರಾಯರು ಕತ್ತಲಲ್ಲಿ ಚಪ್ಪಲಿ ಹುಡುಕತೊಡಗುತ್ತಾರೆ.