ಹೂವಿನ ಗಿರಾಕಿ ದೇವರು

ಚಿಕ್ಕಬಳ್ಳಾಪುರದ ಕಡೆ ಎರಡೆಕರೆ ಇಟ್ಟುಕೊಂಡು ಟೊಮೆಟೊ, ಸೇವಂತಿಗೆ ಎರಡನ್ನೂ ಬೆಳೆಯುವವನಿಗೆ ಗಿರಾಕಿಗಳು ಎರಡು ಜಾತಿ. ಟೊಮೆಟೊ ಗಿರಾಕಿ ಹೊಟ್ಟೆ. ಅದು ದಿನಾ ಬರುತ್ತದೆ, ದಿನಾ ಚೌಕಾಸಿ ಮಾಡುತ್ತದೆ. ಹೂವಿನ ಗಿರಾಕಿ ದೇವರು. ಅವನು ಚೌಕಾಸಿ ಮಾಡುವುದಿಲ್ಲ, ಆದರೆ ತಿಥಿ ನೋಡಿಯೇ ಬರುತ್ತಾನೆ. ವರಮಹಾಲಕ್ಷ್ಮಿಯ ಹಿಂದಿನ ರಾತ್ರಿ ಕೆ.ಆರ್. ಮಾರುಕಟ್ಟೆಯಲ್ಲಿ ಕೈಗೆಟುಕದ ಸೇವಂತಿಗೆ, ಪಿತೃಪಕ್ಷದಲ್ಲಿ ಅಲ್ಲೇ ಕಸದ ಗುಡ್ಡೆ ಸೇರುತ್ತದೆ. ಆಷಾಢದಲ್ಲಿ ಮದುವೆ ಕೂಡದೆಂದ ಹಿರಿಯರು ಯಾರೋ ಗೊತ್ತಿಲ್ಲ. ಹೂ ಬೆಳೆದವರಂತೂ ಅಲ್ಲ.

ಅದಕ್ಕೇ ನಾಟಿಗೆ ಮುಂಚೆ ನಾನು ನೋಡುವುದು ಮಣ್ಣನ್ನಲ್ಲ, ಒಂಟಿಕೊಪ್ಪಲ್ ಪಂಚಾಂಗವನ್ನು. ಅದೂ ಒಮ್ಮೊಮ್ಮೆ ಕೈ ಕೊಡುತ್ತದೆ. 2023ರಲ್ಲಿ ಆಷಾಢ ಮುಗಿಯಿತು ಅನ್ನುವಷ್ಟರಲ್ಲಿ ಅಧಿಕ ಶ್ರಾವಣ ಬಂದು ಕೂತಿತು. ವರಮಹಾಲಕ್ಷ್ಮಿ ಆಗಸ್ಟ್ 25ಕ್ಕೆ ಹೋಯಿತು. ಆ ಜುಲೈನಲ್ಲೇ ಕೋಲಾರದಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು, ಬೇಲೂರು ಕಡೆ ರಾತ್ರೋರಾತ್ರಿ ಹೊಲದಿಂದಲೇ ಟೊಮೆಟೊ ಕದ್ದರು. ಸೇವಂತಿಗೆಯನ್ನು ಕದಿಯುವಷ್ಟು ದಡ್ಡ ಕಳ್ಳ ಆ ತಿಂಗಳು ಇರಲಿಲ್ಲ.

ಇನ್ನು ಗಿಡಕ್ಕೆ ಪಂಚಾಂಗ ಓದಿಸುವುದು ಬೇರೆಯೇ ಕಷ್ಟ. ರಾತ್ರಿ ಉದ್ದವಾದರೆ ಮೊಗ್ಗು ಬಿಡುವುದು ಸೇವಂತಿಗೆಯ ಹುಟ್ಟುಗುಣ. ಚಳಿಗಾಲದಲ್ಲಿ ಎಳೆ ಗಿಡ ಅವಸರಪಡದಿರಲೆಂದು ಸಾಲುಸಾಲಿಗೆ ಬಲ್ಬು ಕಟ್ಟಿ, ಇನ್ನೂ ಹಗಲಿದೆ ಕಣಮ್ಮಾ ಎಂದು ನಂಬಿಸುತ್ತೇವೆ. ದೂರದಿಂದ ನೋಡಿದರೆ ಹೊಲದಲ್ಲಿ ಜಾತ್ರೆ. ಕರೆಂಟು ಹೋದ ರಾತ್ರಿ ಜನರೇಟರು ಹೊಲಕ್ಕೇ ಓಡುತ್ತದೆ. ಕತ್ತಲಲ್ಲಿ ಮುದ್ದೆ ತಿರುವುತ್ತಾ ಅಮ್ಮ ಗೊಣಗುತ್ತಾಳೆ: "ಗಿಡಕ್ಕೆ ಲೈಟು, ಹೆತ್ತೋಳಿಗೆ ಬುಡ್ಡಿ. ನಡೀಲಪ್ಪ!"

ನನಗೆ ಮೆಚ್ಚುಗೆಯಾದ ಬೆಳೆ ಚೆಂಡು ಹೂ. ಟೊಮೆಟೊ ಸಾಲುಗಳ ನಡುವೆ ಅದನ್ನು ಹಾಕಿದರೆ ಕಾಯಿಕೊರಕದ ಚಿಟ್ಟೆ ಟೊಮೆಟೊ ಬಿಟ್ಟು ಅದರ ಮೇಲೆ ಮೊಟ್ಟೆಯಿಡುತ್ತದೆ ಎಂದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟಿದ್ದಾರೆ. ಅಂದರೆ ಅದು ಹುಳಕ್ಕೆ ಹಾಕಿದ ಎಡೆ. ಆಯುಧಪೂಜೆ ಬಂತೋ, ಹುಳ ತಿಂದುಳಿದದ್ದೇ ಲಾರಿ, ಜೆಸಿಬಿ, ಪೊಲೀಸ್ ಜೀಪುಗಳ ಹಣೆಯೇರುತ್ತದೆ. ಕೆಲವು ವರ್ಷ ಕಾವಲಿಗೆ ನಿಂತದ್ದು ಸಂಬಳ ತರುತ್ತದೆ, ಯಜಮಾನ ಟೊಮೆಟೊ ರಸ್ತೆ ಬದಿಯಲ್ಲಿ ಬಿದ್ದಿರುತ್ತದೆ.

ಓದುವವರಲ್ಲಿ ಒಂದೇ ಕೋರಿಕೆ. ಹಬ್ಬದ ದಿನ ಹೂವಿನ ರೇಟು ಕೇಳಿ ನಮ್ಮನ್ನು ಬೈಯಿರಿ, ಪರವಾಗಿಲ್ಲ. ಆದರೆ ಪಿತೃಪಕ್ಷದಲ್ಲೂ ಒಂದು ಮೊಳ ಕೊಳ್ಳಿ. ಹಿರಿಯರೇನೂ ಬೇಡ ಅನ್ನುವುದಿಲ್ಲ.