ಸಭಾಭೂಷಣರು

ಮುಳಬಾಗಿಲಿನಲ್ಲಿ ಯಾವ ಸಭೆಯೇ ನಡೆಯಲಿ, ಅದು ರಾಜ್ಯೋತ್ಸವವಾಗಿರಲಿ, ನಿವೃತ್ತ ಗುಮಾಸ್ತರೊಬ್ಬರ ಬೀಳ್ಕೊಡುಗೆಯಾಗಿರಲಿ, ಔಷಧದಂಗಡಿಯ ಪ್ರಾರಂಭೋತ್ಸವವಾಗಿರಲಿ, ವೇದಿಕೆಯ ಮೇಲಣ ಎರಡನೆಯ ಕುರ್ಚಿಯಲ್ಲಿ, ಮೈಸೂರು ಪೇಟಕ್ಕೂ ಹಾರಕ್ಕೂ ಅನುಕೂಲವಾಗುವಂತೆ ಶಿರಸ್ಸನ್ನು ತುಸು ಮುಂದಕ್ಕೆ ಬಾಗಿಸಿ, ಧ್ವನಿವರ್ಧಕದ ಕಡೆಗೆ ವಾತ್ಸಲ್ಯಪೂರ್ಣವಾದ ದೃಷ್ಟಿಯನ್ನು ಬೀರುತ್ತ ಕುಳಿತಿರುವ ಮಹನೀಯರೊಬ್ಬರು ಇದ್ದೇ ಇರುತ್ತಾರೆ. ಅವರ ಹೆಸರಿನ ಗೊಡವೆ ನಮಗೆ ಬೇಡ. ಇಂಥವರೊಬ್ಬರಿಲ್ಲದ ಊರು ಕನ್ನಡನಾಡಿನಲ್ಲಿ ಇರಲಾರದಾದುದರಿಂದ, ಸಭಾಭೂಷಣರೆಂದರೆ ಸಾಕು, ಓದುಗರು ತಂತಮ್ಮ ಊರಿನವರನ್ನು ಗುರುತಿಸಿಕೊಳ್ಳುವರು.

ಸಭಾಭೂಷಣರು ಎದ್ದು ನಿಂತೊಡನೆ ‘ಎರಡೇ ಎರಡು ಮಾತು’ ಎಂದು ಅಭಯವನ್ನೀಯುತ್ತಾರೆ. ಅನುಭವಸ್ಥರಾದ ಶ್ರೋತೃಗಳು ಆ ಕ್ಷಣವೇ ಮಕ್ಕಳನ್ನು ಮನೆಗೆ ಕಳುಹಿಸಿ, ಬೆನ್ನಿಗೆ ಗೋಡೆಯ ಆಸರೆಯನ್ನು ಹುಡುಕಿಕೊಳ್ಳುತ್ತಾರೆ. ‘ನನಗಿಂತ ಮುಂಚೆ ಮಾತನಾಡಿದ ಮಹನೀಯರು ಎಲ್ಲವನ್ನೂ ಸವಿಸ್ತಾರವಾಗಿ ತಿಳಿಸಿದ್ದಾರೆ’ ಎಂಬುದು ಮುಂದಿನ ವಾಕ್ಯ. ಅವರು ತಿಳಿಸಿದುದೆಲ್ಲವನ್ನೂ ಮೊದಲಿನಿಂದ ತಿಳಿಸುವುದಕ್ಕೆ ಅದು ಪೀಠಿಕೆ. ಮುಖ್ಯ ಅತಿಥಿಗಳು ‘ಪರಿಚಯದ ಅವಶ್ಯಕತೆಯೇ ಇಲ್ಲದವರು’ ಎಂದಾದ ಬಳಿಕ ಅವರ ಜನನ, ವಿದ್ಯಾಭ್ಯಾಸ, ವರ್ಗಾವಣೆ, ಸತ್ಸಂತಾನ ಇವುಗಳ ವೃತ್ತಾಂತವು ಅನುಕ್ರಮವಾಗಿ ಪ್ರವಹಿಸುತ್ತದೆ. ‘ಸಮಯದ ಅಭಾವದಿಂದ’ ಎಂಬ ಮಾತಿನ ಅನಂತರವೇ ಅವರಿಗೆ ಸಾವಕಾಶ ಒದಗುವುದು. ‘ಕೊನೆಯದಾಗಿ’ ಎಂಬುದನ್ನು ನಂಬಿ ಚಪ್ಪಲಿಯನ್ನು ಹುಡುಕಲು ಎದ್ದವರು, ‘ಕಟ್ಟಕಡೆಯದಾಗಿ’ ಎಂಬುದು ಇನ್ನೂ ಬರಬೇಕಾಗಿರುವುದನ್ನು ನೆನೆದು ಮತ್ತೆ ಕುಳಿತುಕೊಳ್ಳುತ್ತಾರೆ. ಸಮಾರಂಭದ ಯಶಸ್ಸಿಗೆ ‘ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ’ ದುಡಿದವರಿಗೆಲ್ಲ ವಂದನೆ ಸಲ್ಲುತ್ತದೆ. ಪ್ರತ್ಯಕ್ಷವಾಗಿ ದುಡಿದ ಶಾಮಿಯಾನದ ಹುಡುಗನು ಆ ವೇಳೆಗೆ ಕಂಬಕ್ಕೆ ಒರಗಿ ನಿದ್ರಿಸುತ್ತಿರುತ್ತಾನೆ.

ನಮ್ಮ ಊರಿಗೆ ಈ ವಾಗ್ವೈಭವ ಅಂಟಿಕೊಂಡುದರಲ್ಲಿ ಸ್ಥಳಮಹಾತ್ಮೆಯೂ ಉಂಟು. ಸಮೀಪದ ಕುರುಡುಮಲೆಯ ಗಣಪತಿಗೆ ಪೂಜೆ ಸಲ್ಲಿಸಿ ಚುನಾವಣೆಯ ಪ್ರಚಾರಕ್ಕೆ ಹೊರಡುವುದು ರಾಜಕೀಯ ಪಕ್ಷಗಳ ಪದ್ಧತಿ. 1999ರಲ್ಲಿ ಎಸ್. ಎಂ. ಕೃಷ್ಣ ಅವರ ‘ಪಾಂಚಜನ್ಯ’ ಯಾತ್ರೆ ಅಲ್ಲಿಂದ ಹೊರಟು, ಅದೇ ವರ್ಷ ಅವರು ಮುಖ್ಯಮಂತ್ರಿಗಳಾದ ಮೇಲಂತೂ ಆ ನಂಬಿಕೆ ಗಟ್ಟಿಯಾಯಿತು. ಹೀಗಾಗಿ ರಾಜ್ಯವು ಮುಂದೆ ತಿಂಗಳುಗಟ್ಟಲೆ ಕೇಳಿ ಬೇಸರಪಡಬೇಕಾದ ಭರವಸೆಗಳನ್ನು ನಾವು ಬಿಸಿಬಿಸಿಯಾಗಿ ಕೇಳುವ ಭಾಗ್ಯಶಾಲಿಗಳು. ವಿಘ್ನೇಶ್ವರನು ಸಕಲ ವಿಘ್ನಗಳನ್ನೂ ಪರಿಹರಿಸುವವನಾದರೂ, ಭಾಷಣವನ್ನು ಅವನು ವಿಘ್ನವೆಂದು ಎಣಿಸಿದಂತೆ ಕಾಣುವುದಿಲ್ಲ.

ಇಷ್ಟು ಸಾಲದೆಂಬಂತೆ ಸಭಾಭೂಷಣರಿಗೆ ಊರಿನ ಪೂರ್ವಾರ್ಜಿತ ಆಸ್ತಿಯೂ ದೊರಕಿದೆ. 1887ರಲ್ಲಿ ಡಿ. ವಿ. ಗುಂಡಪ್ಪನವರು ಇಲ್ಲಿ ಜನಿಸಿದುದರಿಂದ ಇದು ‘ಪುಣ್ಯಭೂಮಿ’. ವ್ಯಾಸರಾಯರಿಗೆ ವಿದ್ಯಾಗುರುಗಳಾಗಿದ್ದ ಶ್ರೀಪಾದರಾಜರ ಬೃಂದಾವನವು ನರಸಿಂಹತೀರ್ಥದಲ್ಲಿ ಇರುವುದರಿಂದ ‘ಪಾವನಕ್ಷೇತ್ರ’. ಕಗ್ಗದ ಕವಿ ನಾಲ್ಕೇ ಸಾಲುಗಳಲ್ಲಿ ಹೇಳಿ ಮುಗಿಸಿದುದನ್ನು ಸಭಾಭೂಷಣರು ‘ಸರಳವಾಗಿ ಹೇಳಬೇಕೆಂದರೆ’ ಎಂದು ಆರಂಭಿಸಿ ಅರ್ಧಗಂಟೆ ಹೇಳುತ್ತಾರೆ. ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದುದು 2001ರಲ್ಲಿ. ‘ಚಿನ್ನದ ನಾಡು’ ಎಂಬ ಗಣಿಯನ್ನು ಇವರು ಇಂದಿಗೂ ಅಗೆಯುತ್ತಿದ್ದಾರೆ.

ಇವೆಲ್ಲ ನಿರಪಾಯವಾದ ವಿನೋದಗಳು. ಆದರೆ ನಿತ್ಯವಾಹಿನಿಯಾದ ಒಂದು ನದಿಯೂ ಇಲ್ಲದ ಜಿಲ್ಲೆಯಲ್ಲಿ ‘ಶಾಶ್ವತ ನೀರಾವರಿ’ ಎಂಬ ಮಾತಿಗೆ ಆಗಿರುವ ಗತಿಯನ್ನು ಕಂಡರೆ ನನಗೆ ನಗು ಬರುವುದಿಲ್ಲ. ಬತ್ತಿದ ಕೊಳವೆಬಾವಿಯ ದಡದಲ್ಲಿ ನಿಂತು ರೈತನು ಮೊದಲು ಆಡಿದ ಮಾತು ಅದು. ಬೆಂಗಳೂರಿನ ಸಂಸ್ಕರಿತ ನೀರು 2018ರಲ್ಲಿ ಲಕ್ಷ್ಮೀಸಾಗರದ ಕೆರೆಗೆ ಬಂದಿತು, ಎತ್ತಿನಹೊಳೆಯ ದಾರಿಯನ್ನು ಜಿಲ್ಲೆ ಕಾಯುತ್ತಿದೆ. ಈ ನಡುವೆ ಆ ಮಾತು ಶಾಲಾವಾರ್ಷಿಕೋತ್ಸವಗಳಲ್ಲಿಯೂ ಕ್ರಿಕೆಟ್ ಪಂದ್ಯಗಳ ಬಹುಮಾನ ವಿತರಣೆಯಲ್ಲಿಯೂ ಎಷ್ಟು ಉಪಯೋಗಕ್ಕೆ ಬಂದಿದೆಯೆಂದರೆ, ಈಗ ರೈತನೇ ಎದ್ದು ನಿಂತು ಅದನ್ನಾಡಿದರೂ ಜನ ‘ಶುರುವಾಯಿತು ಭಾಷಣ’ ಎಂದು ಆಕಳಿಸುತ್ತಾರೆ. ‘ತುಂಬಲಾರದ ನಷ್ಟ’ದ ಪಾಡೂ ಇದೇ. ಮದುವೆಗೆ ಬಾಡಿಗೆಗೆ ತಂದ ಹಂಡೆಯಂತೆ ಎಲ್ಲ ಮನೆಗಳಿಗೂ ಹೋಗಿಬರುವ ಆ ಮಾತು, ನಿಜವಾಗಿಯೂ ನಷ್ಟವನ್ನು ಅನುಭವಿಸಿದವರ ಬಾಗಿಲಿಗೆ ಬಂದಾಗ ಅವರಿಗೆಂದು ಏನನ್ನೂ ತರುವುದಿಲ್ಲ.

ಸಭಾಭೂಷಣರಿಗೆ ಬೇರೆ ಮಾತು ಬಾರದೆಂದು ಭಾವಿಸಿದರೆ ಅದು ತಪ್ಪು. ಅವರು ಟೊಮೆಟೊ ಬೆಳೆಗಾರರು. ಬೆಳಗ್ಗೆ ಎನ್. ವಡ್ಡಹಳ್ಳಿಯ ಮಾರುಕಟ್ಟೆಯಲ್ಲಿ, ಮಂಡಿಯ ಮಾಲೀಕರೆದುರು, ನಮ್ಮ ಸೀಮೆಯ ವಾಡಿಕೆಯಂತೆ ತೆಲುಗೂ ಕನ್ನಡವೂ ಕಲೆತ ಭಾಷೆಯಲ್ಲಿ ಅವರು ವ್ಯವಹರಿಸುವುದನ್ನು ಕೇಳಬೇಕು.

‘ಬಾಕ್ಸಿಗೆ ಎಷ್ಟಣ್ಣಾ?’

ಮಾಲೀಕರು ಬೆಲೆ ಹೇಳುತ್ತಾರೆ.

‘ಕುದರದು. ಇಪ್ಪತ್ತು ಸೇರಿಸು, ಎತ್ತಿಕೋ.’

ಮುಗಿಯಿತು. ಒಂದು ವಿಶೇಷಣವಿಲ್ಲ, ಒಂದು ಅವ್ಯಯ ಹೆಚ್ಚಿಲ್ಲ. ಕಾಯಿ ಯಾವುದು, ಹಣ್ಣು ಯಾವುದು, ಮೋಸ ಎಲ್ಲಿದೆ ಎಂಬುದೆಲ್ಲ ಅಷ್ಟರಲ್ಲಿಯೇ ಅಡಗಿರುತ್ತದೆ. ಅಂದೇ ಸಾಯಂಕಾಲ ಅದೇ ಮಂಡಿಯ ಮಾಲೀಕರಿಗೆ ಸನ್ಮಾನ ನಡೆದರೆ, ಬೆಳಗ್ಗೆ ಇಪ್ಪತ್ತು ರೂಪಾಯಿಗೆ ಜಗ್ಗಾಡಿದ ಈ ಮಹನೀಯರೇ ಎದ್ದು ನಿಂತು, ಅವರನ್ನು ‘ರೈತರ ಆಶಾಕಿರಣ, ಕೊಡುಗೈ ದಾನಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂದು ಕೊಂಡಾಡುತ್ತಾರೆ. ಮಾಲೀಕರೂ ಪೇಟದ ಕೆಳಗೆ ಕಣ್ಣುಮುಚ್ಚಿ ಅದನ್ನು ಸ್ವೀಕರಿಸುತ್ತಾರೆ. ಈ ಬೆಲೆಗೆ ಮಾತ್ರ ಅವರಲ್ಲಿ ಚೌಕಾಸಿಯಿಲ್ಲ.

ನವೆಂಬರ್ ಹತ್ತಿರವಾಗುತ್ತಿರುವುದರಿಂದ ರಾಜ್ಯೋತ್ಸವ ಸಮಿತಿಯವರಲ್ಲಿ ನನ್ನದೊಂದು ವಿಜ್ಞಾಪನೆ. ಸಭಾಭೂಷಣರನ್ನು ಕರೆಯದೆ ಬಿಡಬೇಡಿ. ಅವರ ಮನಸ್ಸು ನೋಯುವುದು, ಮೇಲಾಗಿ ಎರಡನೆಯ ಕುರ್ಚಿ ತೆರವಾಗಿ ಕಾಣುವುದು. ಆದರೆ ಅವರಿಗೆ ‘ನಾಡು-ನುಡಿ’ ಎಂಬ ವಿಷಯವನ್ನು ಕೊಡದೆ, ‘ಈ ವರ್ಷದ ಟೊಮೆಟೊ ಧಾರಣೆ’ ಎಂಬುದನ್ನು ಕೊಟ್ಟು ನೋಡಿ. ಆ ಸಭೆಗೆ ನಾನು ಮಕ್ಕಳನ್ನೂ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ.