ನೆಪಮೀಮಾಂಸೆ ಅಥವಾ ಬೇಸಗೆಯ ಕೊನೆಯ ಗಂಟುಗಳನ್ನು ಕುರಿತ ಶಾಸ್ತ್ರವಿಚಾರ

ದಾನವನ್ನು ಕುರಿತು ನಮ್ಮ ಪೂರ್ವಾಚಾರ್ಯರು ಬರೆದಿಟ್ಟಿರುವ ಗ್ರಂಥಗಳಿಗೆ ಕೊರತೆಯೆಂಬುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ವಂಗದೇಶವನ್ನಾಳಿದ ಬಲ್ಲಾಳಸೇನನು ರಾಜ್ಯಭಾರದ ನಡುವೆಯೂ ಬಿಡುವು ಮಾಡಿಕೊಂಡು ‘ದಾನಸಾಗರ’ವನ್ನು ರಚಿಸಿದನು; ಮುಂದಿನ ಶತಮಾನದಲ್ಲಿ ದೇವಗಿರಿಯ ಯಾದವರಲ್ಲಿ ಶ್ರೀಕರಣಾಧಿಪನಾಗಿದ್ದ ಹೇಮಾದ್ರಿಯು ತನ್ನ ‘ಚತುರ್ವರ್ಗಚಿಂತಾಮಣಿ’ಯಲ್ಲಿ ಒಂದಿಡೀ ಖಂಡವನ್ನು ದಾನಕ್ಕೆಂದೇ ಮೀಸಲಿಟ್ಟನು. ದಾತನು ತಕ್ಕಡಿಯ ಒಂದು ತಟ್ಟೆಯಲ್ಲಿ ತಾನು ಕುಳಿತು ಇನ್ನೊಂದರಲ್ಲಿ ತನ್ನ ತೂಕದ ಹೊನ್ನನ್ನಿರಿಸಿ ಕೊಡತಕ್ಕ ತುಲಾಪುರುಷವೇ ಮೊದಲಾದ ಹದಿನಾರು ಮಹಾದಾನಗಳಿಗೆ ಮಂಟಪವೆಷ್ಟು, ಋತ್ವಿಜರೆಷ್ಟು ಎಂಬುದನ್ನೆಲ್ಲ ಶಾಸ್ತ್ರಕಾರರು ಅಳತೆಯಿಟ್ಟು ಹೇಳಿದ್ದಾರೆ. ಆದರೆ ಮೇ ತಿಂಗಳ ಕೊನೆಯ ವಾರದಲ್ಲಿ ತವರಿನಿಂದ ಹೊರಟುನಿಂತ ಮಗಳ ಚೀಲದೊಳಕ್ಕೆ, ಆಕೆ ಬಚ್ಚಲಿಗೆ ಹೋಗಿರುವ ಸಮಯ ಸಾಧಿಸಿ, ಎರಡು ಸೇರು ಅರಳುಸಂಡಿಗೆಯನ್ನು ತುರುಕುವ ದಾನದ ವಿಷಯದಲ್ಲಿ ಈ ಮಹನೀಯರು ಒಂದು ಪಂಕ್ತಿಯನ್ನಾದರೂ ವೆಚ್ಚಮಾಡಿದಂತೆ ತೋರುವುದಿಲ್ಲ. ಹೊನ್ನನ್ನು ತೂಗಿ ಕೊಡುವವನಿಗೆ ಸಾಕ್ಷಿಗಳು ಬೇಕು. ಸಂಡಿಗೆಯನ್ನು ತುರುಕುವವಳಿಗೆ ಸಾಕ್ಷಿಗಳಿರಬಾರದು. ಆದುದರಿಂದಲೇ ಈ ದಾನವು ಗ್ರಂಥಸ್ಥವಾಗದೆ ಉಳಿದಿರಬೇಕೆಂದು ಊಹಿಸಿ, ಆ ನ್ಯೂನತೆಯನ್ನು ಯಥಾಶಕ್ತಿ ತುಂಬಲು ಈ ಪ್ರಬಂಧವನ್ನು ಆರಂಭಿಸಲಾಗಿದೆ.

ಗ್ರಂಥಾದಿಯಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಹೇಳಬೇಕಾದದ್ದು ಶಿಷ್ಟಾಚಾರ. ಇಲ್ಲಿ ವಿಷಯವು ನೆಪ. ಎಂದರೆ, ಮನೆಯವರು ಒಬ್ಬರಿಗೊಬ್ಬರು ಉಪಕಾರ ಮಾಡುವಾಗ ಅದು ಉಪಕಾರವೆಂದು ಎದುರಿನವರಿಗೆ ಗೊತ್ತಾಗದಂತೆ ಅದರ ಮೇಲೆ ಹೊದಿಸುವ ಸಣ್ಣದೊಂದು ಸುಳ್ಳು. ಪ್ರಯೋಜನವು ಮಳೆಗಾಲದಲ್ಲಿ ಕಾಣತಕ್ಕದ್ದು. ಅಧಿಕಾರಿಯು ಯಾರೆಂದರೆ, ಅಜ್ಜಿಯ ಮನೆಗೆ ಒಂದು ಚೀಲ ಹಿಡಿದು ಹೋಗಿ ಮೂರು ಚೀಲ ಹೊತ್ತು ಬಂದವನು. ಸಂಬಂಧವನ್ನು ಬೇರೆ ವಿವರಿಸಬೇಕಾದ್ದಿಲ್ಲ. ಇಲ್ಲಿ ಬರುವವರೆಲ್ಲರೂ ಸಂಬಂಧಿಕರೇ.

ಈ ಶಾಸ್ತ್ರಕ್ಕೆ ಇರುವುದು ಒಂದೇ ಸೂತ್ರ: ಕೊಟ್ಟದ್ದು ಕೊಟ್ಟಂತೆ ಕಾಣಬಾರದು. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರುವು ಉಪದೇಶಿಸುವಾಗ, ಕೊಡುವುದನ್ನು ನಾಚಿಕೆಯಿಂದ ಕೊಡು, ಭಯದಿಂದ ಕೊಡು ಎಂಬ ಅರ್ಥದ ಮಾತುಗಳು ಬರುತ್ತವೆ. ಭಾಷ್ಯಕಾರರು ಇದಕ್ಕೆ ಯಾವ ಅರ್ಥವನ್ನಾದರೂ ಹೇಳಲಿ, ಮಲೆನಾಡಿನ ಅಡಿಗೆಮನೆಗಳಲ್ಲಿ ಇದರ ಆಚರಣೆಯು ಅಕ್ಷರಶಃ ನಡೆದುಬಂದಿದೆ. ನಾಚಿಕೆಯು ಮಗಳೆದುರಿಗೆ, ಭಯವು, ‘ಮಳೆಗಾಲಕ್ಕೆ ನಮಗೆ ಏನು ಉಳಿಸಿದ್ದೀಯೆ?’ ಎಂದು ಕೇಳಬಹುದಾದ ಯಜಮಾನರೆದುರಿಗೆ.

ಕಾಲನಿರ್ಣಯವಿಲ್ಲದೆ ನಮ್ಮಲ್ಲಿ ಯಾವ ಕರ್ಮವೂ ಇಲ್ಲವಷ್ಟೆ. ಏಪ್ರಿಲ್ 10ರಂದು ಶಾಲೆಯ ಗೋಡೆಯ ಮೇಲೆ ಪಾಸು ನಪಾಸುಗಳ ಪಟ್ಟಿ ಅಂಟಿದ ಮರುದಿನವೇ ಮಕ್ಕಳನ್ನು ಕಟ್ಟಿಕೊಂಡು ಬಂದ ಹೆಣ್ಣುಮಕ್ಕಳು ಮತ್ತೆ ಗಂಟುಮೂಟೆ ಕಟ್ಟುವುದು, ಕೃತ್ತಿಕೆ ಮಳೆಯ ಪಾದಗಳು ಮುಗಿದು, ಮೇ 25ರ ಆಸುಪಾಸಿನಲ್ಲಿ ಸೂರ್ಯನು ರೋಹಿಣಿಯನ್ನು ಪ್ರವೇಶಿಸುವ ಹೊತ್ತಿಗೆ. ಅತ್ತ ಶಾಲೆಯ ಬಾಗಿಲು ತೆರೆಯಬೇಕು, ಇತ್ತ ಆಕಾಶದ ಬಾಗಿಲು ತೆರೆಯಬೇಕು. ಈ ಎರಡರ ನಡುವಣ ಕಿರಿದಾದ ಅವಕಾಶವೇ ನೆಪಗಳಿಗೆ ಪುಣ್ಯಕಾಲ. ಆ ವೇಳೆಗೆ ಮನೆಯಲ್ಲಿ ಹಲಸಿನ ಹಪ್ಪಳ ಅಟ್ಟವನ್ನೇರಿರುತ್ತದೆ. ಬೀಜ ಬಿಡಿಸಿದ ಹೊಸ ಹುಣಸೆಹಣ್ಣು ಉಪ್ಪು ಬೆರೆತು ಉಂಡೆಯಾಗಿರುತ್ತದೆ. ಮಜ್ಜಿಗೆಯಲ್ಲಿ ನೆನೆದು ಬಿಸಿಲಿಗೆ ಬಿದ್ದ ಬಾಳಕದ ಮೆಣಸಿನಕಾಯಿ ಗಲಗಲ ಎನ್ನುತ್ತಿರುತ್ತದೆ. ಶರಾವತಿಯ ದಂಡೆಯ ಮರದಿಂದ ತೊಟ್ಟುಸಹಿತ ಜೋಪಾನವಾಗಿ ಕೊಯ್ದಿಳಿಸಿದ ಅಪ್ಪೆಮಿಡಿ, ಉಪ್ಪುಂಡು ಸುಕ್ಕುಗಟ್ಟಿ, ಸಾಸಿವೆ ಖಾರ ಹೀರಿ, ಭರಣಿಯಲ್ಲಿ ಮುಗುಮ್ಮಾಗಿ ಕುಳಿತಿರುತ್ತದೆ.

ಇನ್ನು ಹೇತುವಿಚಾರ. ತಾರ್ಕಿಕರು ಹೇತ್ವಾಭಾಸಗಳನ್ನು, ಎಂದರೆ ಹೇತುವಿನಂತೆ ತೋರಿ ಹೇತುವಲ್ಲದವುಗಳನ್ನು, ಐದು ಬಗೆಯಾಗಿ ವಿಭಾಗಿಸಿ, ವಾದದಲ್ಲಿ ಅವು ಕಂಡೊಡನೆ ಎದುರಾಳಿಯನ್ನು ಸೋತವನೆಂದು ಸಾರಬೇಕೆಂದು ವಿಧಿಸಿರುವರು. ನೆಪಶಾಸ್ತ್ರದಲ್ಲಿಯಾದರೋ ಹೇತ್ವಾಭಾಸವನ್ನು ಪ್ರಯೋಗಿಸಿದವರೇ ಗೆಲ್ಲತಕ್ಕವರು. ‘ಇಲ್ಲಿ ಇದನ್ನೆಲ್ಲ ತಿನ್ನೋರು ಯಾರಿದಾರೆ, ಬೂಷ್ಟು ಹಿಡಿದು ಹೋಗುತ್ತೆ’ ಎಂದು ತಾಯಿಯು ಹಪ್ಪಳದ ಕಟ್ಟನ್ನು ಮುಂದೊಡ್ಡುತ್ತಾಳೆ. ಊಟಕ್ಕೆ ಕುಳಿತಾಗಲೆಲ್ಲ ನಾಲ್ಕು ಹಪ್ಪಳವನ್ನು ಮುರಿಯುವ ಯಜಮಾನರು ಪಡಸಾಲೆಯಲ್ಲಿ ಪ್ರತ್ಯಕ್ಷವಾಗಿ ಇರುವುದರಿಂದ ಇದು ಅಸಿದ್ಧ. ‘ಈ ಸಲ ಮಿಡಿ ಉಪ್ಪಿನಕಾಯಿ ಅಷ್ಟು ಚೆನ್ನಾಗಿ ಬಂದಿಲ್ಲ ಕಣೇ, ಅದಕ್ಕೇ ಒಂದು ಬಾಟಲಿ ನೀನು ತಗೊಂಡು ಹೋಗು’ ಎಂಬುದು ಸಾಧಿಸಬೇಕಾದುದರ ತದ್ವಿರುದ್ಧವನ್ನೇ ಸಾಧಿಸುವುದರಿಂದ ವಿರುದ್ಧ. ಚೀಲವನ್ನೆತ್ತಿ, ಮುಖವು ಕೆಂಪಗಾಗಿರುವಾಗಲೂ, ‘ನೋಡು, ತೂಕವೇ ಇಲ್ಲ’ ಎನ್ನುವುದು, ಬೆಂಕಿ ತಣ್ಣಗಿದೆಯೆಂಬ ಶಾಸ್ತ್ರಪ್ರಸಿದ್ಧ ವಾಕ್ಯದ ಸೋದರಿ; ಇದು ಪ್ರತ್ಯಕ್ಷಬಾಧಿತ. ‘ಬೆಂಗಳೂರಲ್ಲಿ ಎಲ್ಲಾ ಸಿಗುತ್ತಮ್ಮ’ ಎಂಬ ಮಗಳ ಹೇತುವಿಗೆ ‘ಎಲ್ಲಾ ಸಿಗುತ್ತೆ, ಇಂಥದ್ದು ಸಿಗಲ್ಲ’ ಎಂಬ ಸಮಬಲದ ಪ್ರತಿಹೇತು ಸಿದ್ಧವಾಗಿದ್ದು, ಸತ್ಪ್ರತಿಪಕ್ಷಕ್ಕೆ ಇದಕ್ಕಿಂತ ನಿರ್ಮಲವಾದ ಉದಾಹರಣೆಯನ್ನು ಮಿಥಿಲೆಯ ಪಂಡಿತರೂ ಕೊಟ್ಟಿರಲಾರರು. ಉಳಿದೊಂದನ್ನು ಓದುಗರು ತಮ್ಮ ಮನೆಯಲ್ಲಿಯೇ ಹುಡುಕಿಕೊಳ್ಳಬಹುದು.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ: ಕೊಡುವ ಮನಸ್ಸಿದ್ದರೆ ಕೊಡುತ್ತೇನೆಂದು ಹೇಳಿ ಕೊಡಬಾರದೆ? ಇಷ್ಟೊಂದು ಸುಳ್ಳೇಕೆ? ಉತ್ತರ: ಹೇಳಿ ಕೊಟ್ಟರೆ ಬೇಡವೆನ್ನುವ ಅಧಿಕಾರವು ತೆಗೆದುಕೊಳ್ಳುವವರಿಗೆ ಪ್ರಾಪ್ತವಾಗುತ್ತದೆ. ಬೇಡವೆಂದರೆ ಕೊಟ್ಟವರ ಮುಖ ಸಣ್ಣದಾಗುತ್ತದೆ. ಬೇಕೆಂದರೆ ತೆಗೆದುಕೊಂಡವರ ಮುಖ ಸಣ್ಣದಾಗುತ್ತದೆ. ಹಾಳಾಗುವ ಪದಾರ್ಥವನ್ನು ಹಾಳಾಗದಂತೆ ಸಾಗಹಾಕಿದರೆ ಮಾತ್ರ ಇಬ್ಬರ ಮುಖಗಳೂ ಇದ್ದಲ್ಲಿಯೇ ಇರುತ್ತವೆ. ಉಪಕಾರ ಮಾಡಿದವಳು ತಾಯಿಯಲ್ಲ, ಚೀಲ ಹೊತ್ತು ತಾಯಿಯನ್ನು ಕಷ್ಟದಿಂದ ಪಾರುಮಾಡಿದ ಮಗಳೇ ಉಪಕಾರಿಯೆಂಬಂತಾಗುತ್ತದೆ.

ಪ್ರಮಾಣಗಳ ವಿಷಯದಲ್ಲಿ ನಾವು ಭಾಟ್ಟರ ಪಕ್ಷದವರು, ಆರನ್ನೂ ಒಪ್ಪುತ್ತೇವೆ. ದೇವದತ್ತನು ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದಕಾರಣ ರಾತ್ರಿ ಉಣ್ಣುತ್ತಿರಬೇಕೆಂದು ಕಲ್ಪಿಸುವುದು ಅರ್ಥಾಪತ್ತಿ. ಅಂತೆಯೇ, ರಾತ್ರಿ ಮಲಗುವ ಮುಂಚೆ ಮಗಳು ತಾನೇ ಕಟ್ಟಿಟ್ಟ ಚೀಲವು ಯಾರೂ ಏನೂ ತುಂಬದೆಯೇ ಬೆಳಗಾಗುವುದರೊಳಗೆ ದಪ್ಪಗಾಗಿದೆಯಾದರೆ, ಅರ್ಧರಾತ್ರಿಯಲ್ಲಿ ಉಗ್ರಾಣದ ಕಡೆಯಿಂದ ಕೇಳಿಬಂದ ಹಳೆಯ ಪತ್ರಿಕೆಯ ಸರಬರ ಸದ್ದು ಇಲಿಯದಲ್ಲವೆಂದು ಕಲ್ಪಿಸಲೇಬೇಕಾಗುತ್ತದೆ. ಆದರೆ ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಇಲ್ಲದಿರುವುದನ್ನು ಇಲ್ಲವೆಂದು ಅರಿಯುವ ಅನುಪಲಬ್ಧಿ. ಇದರ ಪ್ರಯೋಗಕಾಲವು ಜುಲೈ. ಹೊರಗೆ ಆರಿದ್ರಾ ಮಳೆ ಹಿಡಿದಿದೆ. ಸಂಜೆಯ ಕಾಫಿಗೆ ಮುನ್ನ ಯಜಮಾನರು, ‘ಎರಡು ಹಪ್ಪಳ ಸುಡು ನೋಡುವ’ ಎನ್ನುತ್ತಾರೆ. ಒಳಗಿನಿಂದ ಉತ್ತರವಿಲ್ಲ. ಅವರೇ ಎದ್ದು ಹೋಗಿ ಅಟ್ಟದ ಡಬ್ಬದ ಮುಚ್ಚಳ ತೆರೆದು, ತಳದಲ್ಲಿ ಹಾಸಿದ ಕಾಗದವನ್ನೂ ಅದರ ಮೇಲಿನ ಕೆಲವು ಚೂರುಗಳನ್ನೂ ನೋಡುತ್ತಾರೆ. ಹಿಂದೆ ಬಂದು ನಿಂತ ಹೆಂಡತಿಯ ಕಡೆ ತಿರುಗದೆಯೇ ಮುಚ್ಚಳವನ್ನು ಹಾಕಿ, ‘ಇಲ್ಲದಿದ್ದದ್ದೇ ಒಳ್ಳೆಯದಾಯಿತು, ನನಗೆ ಈಚೆಗೆ ಹಲ್ಲಿಗೆ ಆಗುವುದಿಲ್ಲ’ ಎನ್ನುತ್ತಾರೆ. ಏಪ್ರಿಲಿನಲ್ಲಿ ಇದೇ ಹಲ್ಲುಗಳು ಕಬ್ಬು ಸಿಗಿದಿದ್ದವು.

ನೆಪದ ಅತ್ಯುನ್ನತ ರೂಪವನ್ನು ಕಾಣಬೇಕಾದರೆ ಮನೆಯೊಳಗಿಂದ ಹೊರಬಂದು ಅಂಗಳದ ಅಟ್ಟಣೆಯನ್ನು ನೋಡಬೇಕು. ಹಲಸಿನ ಮರವೊಂದು ಬೇಲಿಯ ಗಡಿಯಲ್ಲಿ ಬೆಳೆದುನಿಂತ ಅಪರಾಧಕ್ಕಾಗಿ ಮಾತು ಬಿಟ್ಟುಕೊಂಡ ಎರಡು ಮನೆಗಳುಂಟೆಂದು ಭಾವಿಸೋಣ. ಮಲೆನಾಡಿನಲ್ಲಿ ಹೀಗೆ ಭಾವಿಸುವುದು ಕಷ್ಟವಲ್ಲ. ಒಂದು ಮನೆಯವರು ಚಾಪೆಯ ತುಂಬ ಸಂಡಿಗೆ ಇಟ್ಟು, ಕಾಗೆ ಕಾಯಲು ಕೂರಿಸಿದ ಹುಡುಗನ ಕೈಗೆ ಕೋಲು ಕೊಟ್ಟು, ಒಳಗೆ ಹೋಗಿ ಅಡ್ಡಾಗಿದ್ದಾರೆ, ಹುಡುಗನು ನಿದ್ರಿಸುತ್ತಿದ್ದಾನೆ, ಪಡುವಣ ಗುಡ್ಡದ ಮೇಲೆ ಮೋಡ ಕವಿದು ಮೊದಲ ದಪ್ಪಹನಿಗಳು ತಗಡಿನ ಮೇಲೆ ಬಿದ್ದಿವೆ. ಆಚೆಯ ಮನೆಯಾಕೆಯು ಇದನ್ನು ಕಂಡಳು. ಮಾತನಾಡುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಆಗ ಆಕೆಯು ತನ್ನ ಜಗಲಿಯಲ್ಲಿ ಮಲಗಿದ್ದ ನಾಯಿಯನ್ನುದ್ದೇಶಿಸಿ, ಊರಿಗೆಲ್ಲ ಕೇಳುವಂತೆ, ‘ಏ ಕರಿಯಾ, ಮಳೆ ಬಂತಲ್ಲೋ! ಯಾರದೋ ಸಂಡಿಗೆ ನೆನೆದು ಹೋಗ್ತಾ ಇದೆ, ಅವರಿಗೆ ಗೊತ್ತಾಗಬಾರದೇನೋ!’ ಎಂದು ಕೂಗುತ್ತಾಳೆ. ಅಷ್ಟು ಸಾಲದೆಂದು ತೋರಿದರೆ ತಾನೇ ಬೇಲಿಯ ತಡಮೆಯನ್ನು ದಾಟಿ ಬಂದು ಚಾಪೆಯ ಒಂದು ತುದಿಯನ್ನು ಹಿಡಿಯುತ್ತಾಳೆ. ಒಳಗಿನಿಂದ ಓಡಿಬಂದಾಕೆಯು ಇನ್ನೊಂದು ತುದಿಯನ್ನು ಹಿಡಿಯುತ್ತಾಳೆ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ, ಹಸಿಸಂಡಿಗೆ ಒಂದಕ್ಕೊಂದು ಅಂಟದಂತೆ ಚಾಪೆಯನ್ನು ಸಮವಾಗಿ ಹಿಡಿದು ಜಗಲಿಗೆ ಸಾಗಿಸುತ್ತಾರೆ. ಕೆಲಸ ಮುಗಿದೊಡನೆ ಬಂದಾಕೆಯು, ‘ನಮ್ಮ ಕೋಳಿ ಇತ್ತ ಬಂತೇನೋ ಅಂತ ನೋಡೋಕೆ ಬಂದೆ’ ಎಂದು, ಇದನ್ನೂ ಯಾರಿಗೂ ಹೇಳದವಳಂತೆ ಹೇಳಿ, ಹೊರಟುಹೋಗುತ್ತಾಳೆ. ಅವರ ಮನೆಯಲ್ಲಿ ಕೋಳಿ ಇರಲಿಲ್ಲವೆಂಬುದು ಎರಡೂ ಮನೆಯವರಿಗೆ ತಿಳಿದ ವಿಷಯ. ಮಾರನೆಯ ದಿನದಿಂದ ಮಾತು ಮತ್ತೆ ಯಥಾಪ್ರಕಾರ ಇಲ್ಲ. ಹಲಸಿನ ಮರದ ವ್ಯಾಜ್ಯವು ಬೇರೆ, ಸಂಡಿಗೆಯು ಬೇರೆ; ವಿಷಯಸಂಕರವು ಶಾಸ್ತ್ರದಲ್ಲಿ ದೋಷ.

ಗಂಡಸರ ನೆಪಗಳು ಸಾಮಾನ್ಯವಾಗಿ ಒರಟು. ಅವುಗಳಿಗೆ ಹೆಚ್ಚು ಪುಟಗಳು ಸಲ್ಲವು. ಆದರೂ ಬಸ್ಸಿನ ಕಿಟಕಿಯ ಪ್ರಯೋಗವನ್ನು ಬಿಡಲಾಗದು. ಮೊಮ್ಮಗನಿಗೆ ಅಜ್ಜನು ಹಣ ಕೊಡಬೇಕಾಗಿದೆ. ಮನೆಯಲ್ಲಿ ಕೊಟ್ಟರೆ ಮಗಳು, ‘ಬೇಡ ಅನ್ನೋ, ತಗೋಬೇಡ’ ಎಂದು ಮಗುವಿಗೆ ಕಣ್ಣುಬಿಡುತ್ತಾಳೆ. ಮಗುವು ಬಾಯಲ್ಲಿ ಬೇಡವೆಂದು ಕೈಯಲ್ಲಿ ಬೇಕೆನ್ನುವ ಸಂಕಟಕ್ಕೆ ಸಿಲುಕುತ್ತದೆ. ಅನುಭವಸ್ಥರಾದ ಅಜ್ಜಂದಿರು ಆದುದರಿಂದ ನೋಟನ್ನು ಎಂಟಾಗಿ ಮಡಿಸಿ ಅಂಗೈಯಲ್ಲಿ ಬಚ್ಚಿಟ್ಟು, ರಾಹುಕಾಲ ಗುಳಿಕಕಾಲಗಳನ್ನೆಲ್ಲ ಬದಿಗಿರಿಸಿ, ಕಂಡಕ್ಟರನು ‘ರೈಟ್’ ಎನ್ನುವ ಒಂದೇ ಒಂದು ಮುಹೂರ್ತಕ್ಕಾಗಿ ಕಾಯುತ್ತಾರೆ. ಗಾಡಿಯು ಅಲುಗಿದೊಡನೆ, ಮಗುವಿನ ಕೈ ಕುಲುಕುವಂತೆ ಮಾಡಿ ನೋಟನ್ನು ದಾಟಿಸಿ, ‘ಪೆಪ್ಪರಮೆಂಟಿಗೆ’ ಎಂದುಬಿಡುತ್ತಾರೆ. ಆ ನೋಟಿಗೆ ಬರುವ ಪೆಪ್ಪರಮೆಂಟನ್ನು ತಿಂದರೆ ಊರಿನ ಹಲ್ಲುಗಳೆಲ್ಲ ಹುಳುಕಾಗಬೇಕು. ನಿರಾಕರಣೆಯು ಬಸ್ಸಿನೊಂದಿಗೆ ಮುಂದಕ್ಕೆ ಹೋಗುತ್ತದೆ, ಅಜ್ಜನು ಧೂಳಿನಲ್ಲಿ ಹಿಂದುಳಿಯುತ್ತಾನೆ, ದಾನವು ಸಿದ್ಧವಾಗುತ್ತದೆ.

ಪಟ್ಟಣದಲ್ಲಿಯೂ ಈ ಶಾಸ್ತ್ರವು ಅಜ್ಞಾತವೇನಲ್ಲ. ಹೆಂಡತಿ ಮಕ್ಕಳನ್ನು ಕಳುಹಿಸಿ ಒಂಟಿಯಾಗಿ ಹೋಟೆಲಿನ ಊಟ ಉಣ್ಣುತ್ತಿರುವ ಗೃಹಸ್ಥನಿಗೆ, ಪಕ್ಕದ ಮನೆಯಿಂದ ‘ಹುಳಿ ಜಾಸ್ತಿ ಆಗಿಬಿಟ್ಟಿತ್ತು’ ಎಂದು ಪಾತ್ರೆಯೊಂದು ಬರುತ್ತದೆ; ಆ ಮನೆಯಲ್ಲಿ ಹುಳಿಯು ವಾರಕ್ಕೆ ಮೂರು ಸಲ, ಸರಿಯಾಗಿ ಒಬ್ಬನ ಊಟಕ್ಕಾಗುವಷ್ಟೇ ಜಾಸ್ತಿಯಾಗುತ್ತದೆ. ಶಾಲೆ ತೆರೆಯುವ ಮುನ್ನ, ಮೇಲಿನ ತರಗತಿಗೆ ಹೋದ ಹುಡುಗಿಯು ಕೆಳಗಿನ ತರಗತಿಗೆ ಬಂದವನಿಗೆ ತನ್ನ ಪುಸ್ತಕಗಳನ್ನು ಅರ್ಧಬೆಲೆಗೆ ಕೊಡುತ್ತಾಳೆ. ಅರ್ಧವೂ ಇಲ್ಲದ ಮನೆಯಾದರೆ, ‘ಹಾಳೆ ಹರಿದಿದೆ, ಯಾರು ಕೊಳ್ತಾರೆ’ ಎನ್ನುತ್ತಾಳೆ. ಹರಿದ ಹಾಳೆಯನ್ನು ಹುಡುಕಿದರೆ ಸಿಕ್ಕುವುದಿಲ್ಲ. ಲೆಕ್ಕದ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಉತ್ತರಗಳು ಮಾತ್ರ, ಅಳಿಸಲು ಮರೆತಂತೆ, ಹಾಗೆಯೇ ಇರುತ್ತವೆ.

1925ರಲ್ಲಿ ಪ್ಯಾರಿಸಿನ ಮಾರ್ಸೆಲ್ ಮೋಸ್ ಎಂಬ ಪಂಡಿತರು ಉಡುಗೊರೆಯನ್ನು ಕುರಿತು ಪ್ರಕಟಿಸಿದ ಪ್ರಬಂಧವು ಜಗತ್ಪ್ರಸಿದ್ಧವಾದದ್ದು. ಪಾಲಿನೇಷ್ಯ, ಮೆಲನೇಷ್ಯಗಳ ದ್ವೀಪವಾಸಿಗಳನ್ನೂ ಅಮೆರಿಕದ ವಾಯವ್ಯ ತೀರದ ಜನರನ್ನೂ ಕುರಿತ ವರದಿಗಳನ್ನು ಪರಿಶೀಲಿಸಿ, ಕೊಡುವುದು, ತೆಗೆದುಕೊಳ್ಳುವುದು, ಹಿಂದಿರುಗಿಸುವುದು ಎಂಬ ಮೂರೂ ಬಾಧ್ಯತೆಗಳೇ ಎಂದು ಅವರು ಪ್ರತಿಪಾದಿಸಿದರು. ಇಷ್ಟು ದೂರದ ವರದಿಗಳು ಬೇಕಾಗಿರಲಿಲ್ಲ. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಏನಿಲ್ಲವೆಂದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕೆಂಬುದು ನಮ್ಮ ಕೇರಿಯ ಯಾವ ಸೊಸೆಗಾದರೂ ತಿಳಿದಿತ್ತು. ಆದರೆ ಹಿಂದಿರುಗಿಸುವಿಕೆಗೂ ನೆಪ ಬೇಕೆಂಬ ಅಂಶವನ್ನು ಪಂಡಿತರು ಗಮನಿಸಿದಂತಿಲ್ಲ.

ಉಪ್ಪಿನಕಾಯಿ ಹೋದದ್ದು ಹಾರ್ಲಿಕ್ಸ್ ಬಾಟಲಿಯಲ್ಲಿ, ಬಾಯಿಗೆ ಬಟ್ಟೆ ಬಿಗಿದು, ದಾರ ಸುತ್ತಿ. ದಸರೆಯ ರಜೆಗೆ ಬಂದ ಮಗಳು ಅದೇ ಬಾಟಲಿಯನ್ನು, ‘ಸುಮ್ಮನೆ ಜಾಗ ತಿಂತಾ ಇತ್ತು, ಅದಕ್ಕೇ ತಂದೆ’ ಎಂದು ಅಡಿಗೆಮನೆಯ ಕಟ್ಟೆಯ ಮೇಲಿಡುತ್ತಾಳೆ. ಬಾಟಲಿಯ ತುಂಬ ಹೊಸದಾಗಿ ಹುರಿದು ಪುಡಿಮಾಡಿಸಿದ ಕಾಫಿಪುಡಿ. ತಾಯಿಯು ಮೂಸಿನೋಡಿ, ‘ಚಿಕೋರಿ ಸ್ವಲ್ಪ ಜಾಸ್ತಿಯೇನೋ’ ಎಂದು, ದಿನಬಳಕೆಯ ಡಬ್ಬಕ್ಕೆ ಸುರಿಯದೆ, ನೆಂಟರು ಬಂದಾಗ ಬೇಕಾಗುತ್ತದೆಂದು ಮೇಲಿನ ಗೂಡಿನಲ್ಲಿಡುತ್ತಾಳೆ. ನೆಂಟರು ಬರುತ್ತಾರೆ, ಹೋಗುತ್ತಾರೆ. ಬಾಟಲಿಯು ಮುಕ್ಕಾಲಾಗುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಮರುವರ್ಷ ಮೇ ಕೊನೆಗೆ ಬೆಂಗಳೂರಿನ ಬಸ್ಸನ್ನಿಳಿದು ಮಗಳು ಚೀಲ ಬಿಚ್ಚಿದಾಗ, ಹಪ್ಪಳ, ಹುಣಸೆಯುಂಡೆಗಳ ಅಡಿಯಲ್ಲಿ, ತಾನೇ ಕೊಟ್ಟ ಕಾಫಿಪುಡಿಯು, ಕಾಗದದ ಪೊಟ್ಟಣವೊಂದರಲ್ಲಿ ದೊರೆಯುತ್ತದೆ. ಮೇಲೆ, ‘ಇಲ್ಲಿ ಇಷ್ಟೆಲ್ಲ ಯಾರು ಕುಡೀತಾರೆ’ ಎಂದು ತಂದೆಯ ಅಕ್ಷರದಲ್ಲಿ ಬರೆದಿರುತ್ತದೆ. ಆಗ ಈ ಪದಾರ್ಥದ ದಾತೃ ಯಾರು, ಪ್ರತಿಗ್ರಾಹಿ ಯಾರು, ಇದು ದಾನವೋ ಪ್ರತಿದಾನವೋ ಎಂಬ ಸಂಶಯಕ್ಕೆ ಹೇಮಾದ್ರಿಯಲ್ಲಿ ಉತ್ತರವಿಲ್ಲ. ಮಗಳು ಅದನ್ನು ಅಳಿಯನಿಗೆ ತೋರಿಸದೆ ಡಬ್ಬಕ್ಕೆ ಸುರಿದು, ಪರಿಮಳವೆಲ್ಲ ಹೋಗಿದ್ದರೂ ಆ ತಿಂಗಳೆಲ್ಲ ಅದರಲ್ಲಿಯೇ ಕಾಫಿ ಮಾಡುತ್ತಾಳೆ. ಈ ಸಲದ ಪುಡಿ ಯಾಕೆ ಹೀಗಿದೆಯೆಂದು ಅವನು ಕೇಳಿದರೆ, ಅಂಗಡಿಯವನು ಮೋಸಮಾಡಿದ ಎನ್ನುತ್ತಾಳೆ.